ನಿಂತು ಸೀರೆ ಉಡುವಷ್ಟು ಎತ್ತರ

"ಟೆಂಟು ಅಂದ್ರ ಮಲಗಾಕ. ನಿಂದರಾಕ ಹೊರಗ ಇಡೀ ಹೊಲ ಬಿದ್ದೈತಿ," ಎಂದ ಅಮಸಿದ್ದಪ್ಪ, ಅಂಗಾತ ಮಲಗಿಕೊಂಡೇ.

ಅವನು ಮಲಗಿದ್ದು ಜಮಖಂಡಿ ಪೇಟೆಯ ಗಿರಮಲ್ಲಪ್ಪನ ಅಂಗಡಿಯಲ್ಲಿ, ಮಾರಾಟಕ್ಕೆ ಹೂಡಿಟ್ಟಿದ್ದ ಟೆಂಟಿನೊಳಗೆ. ಮೊದಲೆಲ್ಲ ಬರೀ ತಾಡಪತ್ರಿ, ಹಗ್ಗ, ಸೊಳ್ಳೆಪರದೆ ಮಾರುತ್ತಿದ್ದ ಗಿರಮಲ್ಲಪ್ಪ, ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಹೇರಿಕೊಂಡು ಗುಡ್ಡ, ಹೊಳೆದಂಡೆ ಅಂತ ಹೋಗಿ ಬಯಲಲ್ಲಿ ಮಲಗಿ ಬರುವವರು ಹೆಚ್ಚಾದ ಮೇಲೆ ಟೆಂಟುಗಳನ್ನೂ ತರಿಸಿಟ್ಟಿದ್ದ. ಅವನ ಗಿರಾಕಿಗಳು ಬಟ್ಟೆ ಮುಟ್ಟಿ ನೋಡುತ್ತಿದ್ದರು, ಬಣ್ಣ ಕೇಳುತ್ತಿದ್ದರು. ರುಮಾಲನ್ನೇ ತಲೆದಿಂಬು ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಉರುಳಿ ಅಳತೆ ತೆಗೆಯುವವನನ್ನು ಅವನು ಇದೇ ಮೊದಲು ಕಂಡದ್ದು.

"ಆರಾಮ ಎಂಟ್ ಮಂದಿ ಹಿಡಿತೈತ್ರಿ," ಎಂದ ಗಿರಮಲ್ಲಪ್ಪ.

"ಮರಿ ಎಷ್ಟ್ ಹಿಡಿತಾವ?"

"ಯಾವ ಮರಿರಿ?"

"ಕುರಿಮರಿ. ಮತ್ತ್ಯಾವ?"

ಗಿರಮಲ್ಲಪ್ಪ ತಬ್ಬಿಬ್ಬಾಗಿ, ಪಕ್ಕದಲ್ಲಿ ನಿಂತಿದ್ದ ಅಮಸಿದ್ದಪ್ಪನ ಹೆಂಡತಿ ಸೋಮವ್ವನ ಮುಖ ನೋಡಿದ. ಬೇರೆ ದಿನವಾಗಿದ್ದರೆ ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳೇನೋ. ಇವತ್ತು ನಗಲಿಲ್ಲ. ಚಿಮ್ಮಡದ ತವರಿನಲ್ಲಿ ಕೂಸು ಹೊತ್ತು ಕೂತಿದ್ದ ಸೊಸೆ ಉಮಾಶ್ರೀ ಬೆಳಿಗ್ಗೆ ಫೋನಿನಲ್ಲಿ ಆಡಿದ ಮಾತು ಅವಳ ಕಿವಿಯಲ್ಲೇ ಇತ್ತು.

"ಅತ್ತಿ, ಕುರಿ ಮ್ಯಾಲ ನನಗ ಸಿಟ್ಟಿಲ್ರಿ. ನಿಮ್ಮ ಮ್ಯಾಲೂ ಇಲ್ಲ. ಬಾಗಲಾ ಹಾಕ್ಕೊಂಡು, ನಿಂತು ಸೀರಿ ಉಡುವಷ್ಟು ಜಾಗಾ ಮಾಡಿಕೊಡ್ರಿ, ನಾಳೆನ ಬರ್ತೇನಿ. ಇಲ್ಲಂದ್ರ ನಾನೂ ಕೂಸೂ ಇಲ್ಲೇ ಇರ್ತೀವಿ. ಅವರಿಗೂ ಹೇಳೇನಿ."

ಅವರು ಎಂದರೆ ಗಂಡ ಹಾಲೇಶ, ಸೋಮವ್ವನ ಒಬ್ಬನೇ ಮಗ. ಹೆಂಡತಿ ಆ ಮಾತು ಹೇಳಿದಂದಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಬೀರೇಶ್ವರನ ಒಕ್ಕಲಾದ ಈ ಕುರಿಗಾರ ಮನೆತನದ ಊರು ಬೀಳಗಿ ಕಡೆಯದು. ಆದರೆ ಮನೆಗೆ ಬೀಗ ಬಿದ್ದಿರುವ ತಿಂಗಳುಗಳೇ ಹೆಚ್ಚು. ಸುಗ್ಗಿ ಮುಗಿದದ್ದೇ ಹಿಂಡು ಹೊಡೆದುಕೊಂಡು ಮುಧೋಳ, ಜಮಖಂಡಿ ಸೀಮೆಯ ಹೊಲದಿಂದ ಹೊಲಕ್ಕೆ ಹೋಗುವುದು. ಮೊದಲು ಸಾಮಾನು ಹೊರಲು ಕುದುರೆಯಿತ್ತು. ಈಗ ಹಾಲೇಶನ ಸಣ್ಣ ಗೂಡ್ಸ್ ಗಾಡಿ ಇದೆ. ಪಾತ್ರೆ, ಕೋಳಿ, ನಡೆಯಲಾರದ ಮರಿ ಎಲ್ಲ ಅದರ ಮೇಲೆ. ಬದಲಾಗದೆ ಉಳಿದದ್ದು ಗುಡಾರವೊಂದೇ. ಬಾಗಿಸಿದ ಕೋಲುಗಳ ಮೇಲೊಂದು ತಾಡಪತ್ರಿ, ಎದುರಿಗೆ ಬಾಗಿಲೂ ಇಲ್ಲ ಗೋಡೆಯೂ ಇಲ್ಲ. ತೆವಳಿಕೊಂಡು ಒಳಗೆ ಹೋಗಬೇಕು, ತೆವಳಿಕೊಂಡೇ ಹೊರಗೆ ಬರಬೇಕು.

ಗಂಡಸರಿಗೇನು, ಎಲ್ಲಿ ನಿಂತರೆ ಅದೇ ಬಚ್ಚಲು. ಹೆಂಗಸರು ಬಟ್ಟೆ ಬದಲಿಸುವುದು ಕಂಬಳಿಯ ಮರೆಯಲ್ಲಿ. ಒಬ್ಬಳು ಕೈ ಅಗಲಿಸಿ ಕಂಬಳಿ ಹಿಡಿಯಬೇಕು, ಇನ್ನೊಬ್ಬಳು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಲಗುಬಗೆಯಿಂದ ಸೀರೆ ಸುತ್ತಿಕೊಳ್ಳಬೇಕು. ಸೋಮವ್ವ ಹೊಸ ಸೊಸೆಯಾಗಿ ಬಂದಾಗ ಅತ್ತೆ ಸಿದ್ದಕ್ಕ ಹಿಡಿಯುತ್ತಿದ್ದಳು. ಒಂದು ದಿನ ಗಾಳಿ ಆ ಕಂಬಳಿಯನ್ನು ಕಿತ್ತುಕೊಂಡು ಹೋಯಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಟ್ರ್ಯಾಕ್ಟರ್ ತುಂಬ ಜನ ಹೋಗುತ್ತಿದ್ದರು. ಅವರ ಕೇಕೆ ಸೋಮವ್ವನಿಗೆ ಇಂದಿಗೂ ಕೇಳಿಸುತ್ತದೆ. ಅತ್ತೆ, "ಕುರಿಯಾವನ ಹೇಂತಿ ಆದಮ್ಯಾಲ ಇಷ್ಟಕ್ಕ ಅತ್ರ ಹೆಂಗ?" ಎಂದು ಕಂಬಳಿ ಕೊಡವಿ ಒಳಗಿಟ್ಟಳು. ಅಲ್ಲಿಗೆ ಮುಗಿಯಿತು ಎಲ್ಲರ ಪಾಲಿಗೆ.

ಹೋದ ವರ್ಷ ಬಸುರಿ ಉಮಾಶ್ರೀಗೆ ಕಂಬಳಿ ಹಿಡಿದವಳು ಸೋಮವ್ವ. ಮತ್ತೆ ಅದೇ ಗಾಳಿ, ಅದೇ ರಸ್ತೆ. ಈ ಸಲ ಬೈಕಿನ ಮೇಲೆ ಬಂದ ಇಬ್ಬರು ಕೇಕೆ ಹಾಕಲಿಲ್ಲ, ಮೊಬೈಲು ಎತ್ತಿ ಹಿಡಿದರು. ಹಾಲೇಶ ಕಲ್ಲು ತೆಗೆದುಕೊಂಡು ಓಡುವಷ್ಟರಲ್ಲಿ ಬೈಕು ಕಾಣೆಯಾಗಿತ್ತು. ಆ ಮೊಬೈಲಿನಲ್ಲಿ ಏನು ಉಳಿಯಿತೋ, ಯಾರು ಯಾರು ನೋಡಿದರೋ ದೇವರಿಗೇ ಗೊತ್ತು. ಉಮಾಶ್ರೀ ಬಾಣಂತನಕ್ಕೆ ಹೋದವಳು ತಿರುಗಿ ಬರಲಿಲ್ಲ.

ಗಿರಮಲ್ಲಪ್ಪ ತೋರಿಸಿದ ಮೊದಲನೆಯದು, ಅಮಸಿದ್ದಪ್ಪ ಮಲಗಿದ್ದ ಗುಂಡನೆಯ ಟೆಂಟು. ಬಟ್ಟೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವು, ಒಳಗೆ ಕೂತರೆ ತಲೆ ಮುಟ್ಟುತ್ತಿತ್ತು. ಅವನಿಗೆ ಅದು ಬಹಳ ಹಿಡಿಸಿತು. ಎರಡನೆಯದು ಮನೆಯಾಕಾರದ್ದು, ಕಬ್ಬಿಣದ ಪೈಪಿನದು. ಬಟ್ಟೆ ದಪ್ಪ, ಹೊಲಿಗೆ ಜೋಡು, ಕೆಳಗೆ ನೆಲವನ್ನೂ ಸೇರಿಸಿ ಹೊಲಿದಿದ್ದರು, ಕಿಟಕಿಗೆ ಪರದೆ, ಬಾಗಿಲಿಗೆ ಕೆಳಗಿನಿಂದ ಮೇಲಿನವರೆಗೆ ಜಿಪ್ಪು. ಸೋಮವ್ವ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಮೇಲೊಂದು ಚೊಂಬು ನೀರು ಸುರಿಯಲು ಹೇಳಿ, ಒಳಗೆ ಕೈಯಾಡಿಸಿ ನೋಡಿದಳು. ಆಮೇಲೆ ನಡುವೆ ನಿಂತು, ಸೆರಗು ಹೆಗಲ ಮೇಲೆ ಹಾಕುವಾಗ ಎತ್ತುವ ಹಾಗೆ ಕೈ ಎತ್ತಿದಳು. ಕೈ ಎಲ್ಲಿಯೂ ತಾಗಲಿಲ್ಲ.

"ಇದ ಇರಲಿ," ಎಂದಳು.

ಅಮಸಿದ್ದಪ್ಪ ಎದ್ದು ಕೂತ. "ತಲಿ ಕೆಟ್ಟೈತೇನ ನಿಂದು? ಇಷ್ಟ್ ಎತ್ತರದ್ದು ಬಯಲಾಗ ನಿಂದರತೈತಿ? ಗಾಳಿಗೆ ಎದಿ ಕೊಟ್ಟು ಕುಂತಂಗ ಆಗತೈತಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಡಾರ ತಗ್ಗಾಗಿರುವುದು ಸುಮ್ಮನೆ ಅಲ್ಲ, ಗಾಳಿ ಅದರ ಬೆನ್ನ ಮೇಲಿಂದ ಹಾರಿಹೋಗಲಿ ಎಂದೇ. ಸೋಮವ್ವನಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಹಟ ಹಿಡಿದಳು. ಮೂವತ್ತು ವರ್ಷದಲ್ಲಿ ಗಂಡನ ಎದುರಿಗೆ ಅಂಗಡಿಯಲ್ಲಿ ನಿಂತು "ಇದೇ ಬೇಕು" ಎಂದವಳಲ್ಲ.

"ಆತು," ಎಂದ ಅಮಸಿದ್ದಪ್ಪ, ರುಮಾಲು ಸುತ್ತಿಕೊಳ್ಳುತ್ತ. "ತಗೋ. ಆದ್ರ ಗಾಳಿಗೆ ಒಂದ್ ಸಲ ಬಿತ್ತಂದ್ರ, ಸೊಸಿನ್ನ ಚಿಮ್ಮಡಕ್ಕ ಬಿಟ್ಟು ಬರಾಂವ ನಾನ. ಮತ್ತ ಈ ಮಾತು ನಮ್ಮ ಹಟ್ಟಿಯಾಗ ಎತ್ತಬಾರದು."

ಸಮೀರವಾಡಿಯ ಸಮೀಪ ಕಬ್ಬು ಕಡಿದು ಖಾಲಿಯಾಗಿದ್ದ ಹೊಲದಲ್ಲಿ ಹಟ್ಟಿ ಬೀಡುಬಿಟ್ಟಿತು. ಮಾತು ಕೊಟ್ಟಂತೆ ಉಮಾಶ್ರೀ ಬಂದಳು. ಟೆಂಟಿನೊಳಗೆ ನಿಂತು ಮೇಲೆ ನೋಡಿದಳು, ಜಿಪ್ಪು ಎಳೆದು ನೋಡಿದಳು. ಆದರೆ ತಂದ ಬ್ಯಾಗನ್ನು ಮೂಲೆಯಲ್ಲಿ ಕಟ್ಟಿದಂತೆಯೇ ಇಟ್ಟಳು. ಬೇಕಾದ ಬಟ್ಟೆಯೊಂದನ್ನು ತೆಗೆಯುವುದು, ಮತ್ತೆ ಬ್ಯಾಗು ಮುಚ್ಚುವುದು. ಮಾವನ ಷರತ್ತು ಅವಳ ಕಿವಿಗೂ ಬಿದ್ದಿತ್ತು. ಸೋಮವ್ವ ಒಳಗೆ ಹೋದಾಗಲೆಲ್ಲ ಮೊದಲು ಆ ಬ್ಯಾಗಿನ ಕಡೆಗೇ ನೋಡುತ್ತಿದ್ದಳು.

ಅಮಸಿದ್ದಪ್ಪನೋ, ದಿನಾ ಸಂಜೆ ಬೀಡಿ ಹಚ್ಚಿ ಟೆಂಟಿನ ಸುತ್ತ ಒಂದು ಸುತ್ತು ಹಾಕುತ್ತಿದ್ದ, ಯಾವಾಗ ಬೀಳ್ತಿ ಅಂತ ಅದನ್ನೇ ಕೇಳುವವನ ಹಾಗೆ. ತಾನು ಮಾತ್ರ ಹಳೆಯ ಗುಡಾರದಲ್ಲೇ ಮಲಗಿದ. ಸೋಮವ್ವ ಅವನ ಬೆನ್ನು ಮರೆಯಾದದ್ದೇ ಹೋಗಿ ಗೂಟಗಳನ್ನು ಅಲುಗಿಸಿ ನೋಡುತ್ತಿದ್ದಳು. ಅಂಗಡಿಯವರು ಕೊಟ್ಟ ಗೂಟ ಗೇಣುದ್ದದವು. ಬೇಸಿಗೆಯ ಎರೆಭೂಮಿ ಬಿರುಕು ಬಿಟ್ಟು ಬಾಯಿ ತೆರೆದಿತ್ತು. ಹೊಡೆದ ಗೂಟ ಬಿರುಕಿನಲ್ಲಿ ಸಡಿಲಾಗುತ್ತಿತ್ತು, ಅವಳು ಕಲ್ಲಿನಿಂದ ಮತ್ತೆ ಬಡಿಯುತ್ತಿದ್ದಳು.

ಯುಗಾದಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಹಾಲೇಶ ಹಿಂಡಿನ ಜೊತೆ ಕಾಲುವೆಯ ಆಚೆ ಇದ್ದ. ಪಡುವಣ ದಿಕ್ಕು ಕಪ್ಪಗಾಯಿತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಚಿಮಣಿಯ ಹೊಗೆ ನೆಟ್ಟಗೆ ಏರುತ್ತಿದ್ದದ್ದು ಒಮ್ಮೆಲೇ ಅಡ್ಡ ಮಲಗಿತು. ಹೊಲದಲ್ಲಿ ಬಿದ್ದಿದ್ದ ಕಬ್ಬಿನ ಒಣ ಎಲೆಗಳ ರವದಿ ಎದ್ದು ಮುಖಕ್ಕೆ ಬಡಿಯಿತು.

"ಕೂಸಿನ್ನ ತಗೊಂಡು ಗಾಡಿಯಾಗ ಕೂಡು ಉಮಾ!" ಎಂದು ಸೋಮವ್ವ ಕೂಗಿದಳು. ಉಮಾಶ್ರೀ ಕೂಸನ್ನು ಅವಚಿಕೊಂಡು ಗೂಡ್ಸ್ ಗಾಡಿಯ ಕ್ಯಾಬಿನ್ ಹತ್ತಿದಳು. ಹತ್ತುವ ಮುಂಚೆ ಟೆಂಟಿನ ಕಡೆಗೊಮ್ಮೆ ನೋಡಿದಳು. ಕೂಸಿನ ಚಿಂತೆ ತಪ್ಪಿತು. ಇನ್ನು ಉಳಿದದ್ದು ಟೆಂಟು.

ಮೊದಲ ಹೊಡೆತಕ್ಕೇ ಪಡುವಣದ ಎರಡು ಗೂಟ ಹಾರಿದವು. ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಸೋಮವ್ವ ಓಡಿಹೋಗಿ ಮೂಲೆಯ ಪೈಪನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದಳು. ಗಾಳಿ ಅವಳನ್ನೂ ಎಳೆಯಿತು. ಬರಿಗಾಲು ಮಣ್ಣಿನಲ್ಲಿ ಗೆರೆ ಕೊರೆಯುತ್ತ ಸರಿಯಿತು.

ಹತ್ತಿರದಲ್ಲೇ ಮರಿಗಳನ್ನು ಕೂಡಿಹಾಕಿದ್ದ ಬಲೆದೊಡ್ಡಿಯ ಬಳಿ ನಿಂತಿದ್ದ ಅಮಸಿದ್ದಪ್ಪ. "ಬಿಡು ಅದನ್ನ!" ಎಂದು ಕೂಗಿದ. "ಹೋದ್ರ ಹೋಗ್ಲಿ, ಗಾಡಿಗೆ ನಡಿ!"

"ಬಿಡಂಗಿಲ್ರಿ!"

"ಕೈ ಮುರೀತೈತಿ, ಬಿಡಬೇ!"

ಆಗ ಸೋಮವ್ವನ ಬಾಯಿಂದ, ಅವಳೇ ಅಂದುಕೊಂಡಿರದ ಮಾತು ಹೊರಬಿತ್ತು. "ಟ್ರ್ಯಾಕ್ಟರಿನ್ಯಾಗ ಮಂದಿ ನಕ್ಕ ದಿನಾ ನೀವೂ ಅಲ್ಲೇ ಇದ್ರಿ! ನನ್ನ ನೋಡಿದ್ರಿ. ನೋಡಿ, ಕುರಿ ಕಡೆ ಮಾರಿ ತಿರಿವಿದ್ರಿ!"

ಅಷ್ಟು ವರ್ಷ ಅವಳು ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಮಳೆಯ ದಪ್ಪ ಹನಿಗಳು ಬಿದ್ದವು. ಟೆಂಟಿನ ಇನ್ನೊಂದು ಗೂಟ ಕಿತ್ತುಬಂತು. ಅಮಸಿದ್ದಪ್ಪ ಸುಮ್ಮನಿದ್ದಿದ್ದರೆ ಸಾಕಿತ್ತು, ಗಾಳಿಯೇ ಅವನನ್ನು ಗೆಲ್ಲಿಸುತ್ತಿತ್ತು.

ಅವನು ಬಗ್ಗಿದ. ಬಲೆದೊಡ್ಡಿಯ ಗೂಟಗಳು ಅವನೇ ಕೆತ್ತಿದವು, ಮೊಳಕ್ಕಿಂತ ಉದ್ದದ ಜಾಲಿ ಗೂಟಗಳು, ಯಾವ ಬಿರುಕಿಗೂ ಜಗ್ಗದಂಥವು. ಒಂದನ್ನು ಅಲುಗಿಸಿ ಕಿತ್ತ. ಇನ್ನೊಂದನ್ನೂ ಕಿತ್ತ. ಬಲೆ ಕುಸಿದು ಮರಿಗಳು ದಿಕ್ಕಾಪಾಲಾದವು. ಹಿಂಡಿನಲ್ಲೇ ಹುಟ್ಟಿ ಬೆಳೆದ ಆ ಮನುಷ್ಯ ಬೆದರಿದ ಮರಿಗಳನ್ನು ಬಿಟ್ಟು ಬೇರೆ ಕಡೆಗೆ ಓಡಿದ್ದು ಅದೇ ಮೊದಲು. ಕೊಡಲಿಯ ಹಿಂಬದಿಯಿಂದ ಗೂಟ ಬಡಿದು ಹಗ್ಗ ಬಿಗಿದ. ಪಡುವಣದ ಇನ್ನೊಂದು ಹಗ್ಗವನ್ನು ಗಾಡಿಯ ಕೊಂಡಿಗೆ ಕಟ್ಟಿದ.

"ತಗ್ಗಿಸಿ ಹಿಡಿ! ಸಡ್ಲ ಬಿಡಬ್ಯಾಡ!" ಎಂದು ಕೂಗಿದ. ಸೋಮವ್ವ ಹಲ್ಲು ಕಚ್ಚಿ ಹಿಡಿದಳು.

ಕೂಸನ್ನು ಕಂಬಳಿಯಲ್ಲಿ ಸುತ್ತಿ ಕ್ಯಾಬಿನ್ನಿನಲ್ಲಿ ಭದ್ರವಾಗಿ ಮಲಗಿಸಿ ಉಮಾಶ್ರೀ ಕೆಳಗೆ ಜಿಗಿದಳು. ಚದುರಿದ ಮರಿಗಳನ್ನು ಹಿಡಿ ಹಿಡಿದು ತಂದು, ಜಿಪ್ಪು ತೆಗೆದು ಟೆಂಟಿನೊಳಗೆ ನೂಕಿದಳು. ಎಷ್ಟು ಮರಿ ಹಿಡಿಯುತ್ತವೆ ಎಂದು ಮಾವ ಅಂಗಡಿಯಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಎಲ್ಲವೂ ಹಿಡಿದವು.

ಗಾಳಿ ಬಂದಂತೆಯೇ ಹೋಯಿತು. ಹಳೆಯ ಗುಡಾರ ಬೆನ್ನು ಬಗ್ಗಿಸಿಕೊಂಡು ಇದ್ದಲ್ಲೇ ಇತ್ತು. ಟೆಂಟಿನ ಒಂದು ಪೈಪು ಬಾಗಿತ್ತು, ಆದರೆ ಟೆಂಟು ಬಿದ್ದಿರಲಿಲ್ಲ. ಹಾಲೇಶ ಹಿಂಡು ತಿರುಗಿಸಿಕೊಂಡು ಬರುತ್ತಿರುವುದು ಕಾಲುವೆಯ ಏರಿಯ ಮೇಲೆ ಕಂಡಿತು. ಯಾರಿಗೂ ಏನಾಗಿರಲಿಲ್ಲ.

ಉಮಾಶ್ರೀ ಮರಿಗಳನ್ನು ಹೊರಗಟ್ಟಿ, ನೆಲ ಒರೆಸಿ, ಒಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ಒಣ ಸೀರೆ ಉಟ್ಟು ಹೊರಗೆ ಬಂದವಳು ಕೂಸನ್ನು ಎತ್ತಿಕೊಂಡು, "ಅತ್ತಿ, ಬ್ಯಾಗಿನ್ಯಾಗಿನ ಅರಿವಿ ಎಲ್ಲಾ ಹೊರಗ ತಗದೇನ್ರಿ. ಒಂದು ಹಗ್ಗಾ ಕಟ್ಟಿಕೊಡ್ರಿ ಒಳಗ, ಹಾಕಾಕ," ಎಂದಳು.

ಸೋಮವ್ವ ತಲೆಯಾಡಿಸಿದಳು. ತೊಯ್ದು ತೊಪ್ಪೆಯಾದ ಸೀರೆಯಲ್ಲೇ ತಾನೂ ಒಳಗೆ ಹೋಗಿ ಜಿಪ್ಪು ಎಳೆದಳು. ಇಳಕಲ್ ಸೀರೆಯ ಮಡಿಕೆ ಬಿಚ್ಚಿದಳು. ಅವಸರವಿರಲಿಲ್ಲ. ನಿರಿಗೆಗಳನ್ನು ಒಂದೊಂದಾಗಿ, ನೆಲದವರೆಗೆ ನೇರವಾಗಿ ಹಿಡಿದಳು. ಸೆರಗು ಹಾಕಿಕೊಂಡದ್ದೂ ಆಯಿತು. ಆದರೂ ಹೊರಗೆ ಬರಲಿಲ್ಲ.

"ಏನ್ ಮಾಡಾಕತ್ತೀಬೇ ಇಷ್ಟೊತ್ತನ ಒಳಗ?" ಅಮಸಿದ್ದಪ್ಪನ ದನಿ ಬಾಗಿಲಿನಲ್ಲೇ ಕೇಳಿತು.

"ಏನಿಲ್ರಿ," ಎಂದಳು ಸೋಮವ್ವ. "ನಿಂತೇನಿ."

ಅವನು ಕಂಬಳಿ ಹಾಸಿ ಬಾಗಿಲಿನ ಮುಂದೆ ಕೂತ, ಟೆಂಟಿಗೆ ಬೆನ್ನು ಕೊಟ್ಟು, ರಸ್ತೆಯ ಕಡೆಗೆ ಮುಖ ಮಾಡಿ.