ಮೇಲಿನ ಮನೆಯ ಎಡ ವಿಂಗರ್

ಜರಗನಹಳ್ಳಿಯ ನಮ್ಮ ಮನೆಯ ಎರಡನೇ ಮಹಡಿ ಖಾಲಿಯಾದಾಗ ಅಮ್ಮ ಗೇಟಿಗೆ ನೇತುಹಾಕಿದ ಬೋರ್ಡಿನಲ್ಲಿ ಎರಡೇ ಷರತ್ತುಗಳಿದ್ದವು: ಸಸ್ಯಾಹಾರಿಗಳಾಗಿರಬೇಕು, ಸಂಸಾರಸ್ಥರಾಗಿರಬೇಕು. ಬಂದವರು ರೊಮೇನಿಯಾದವರು, ಒಂಟಿ ಜೀವ, ಮಾಂಸವಿಲ್ಲದ ಊಟವನ್ನು ಊಟಕ್ಕೆ ಮುಂಚಿನ ತಿಂಡಿ ಎಂದು ತಿಳಿದಿದ್ದವರು. ಆದರೂ ಅವರಿಗೇ ಮನೆ ಸಿಕ್ಕಿತು. ಕಾರಣ ನಾನು.

ಅವರು ಯೂರೋಪಿನಲ್ಲಿ ವರ್ಷಗಟ್ಟಲೆ ಎಡ ವಿಂಗರ್ ಆಗಿ, ಅಂದರೆ ಮೈದಾನದ ಎಡ ಅಂಚಿನಲ್ಲಿ, ಆಡಿ ನಿವೃತ್ತರಾದ ಫುಟ್‌ಬಾಲ್ ಆಟಗಾರ. ಜೆ.ಪಿ. ನಗರದ ಒಂದು ಅಕಾಡೆಮಿಯಲ್ಲಿ ಮಕ್ಕಳಿಗೆ ಕಲಿಸಲು ಬಂದಿದ್ದರು. ನಾನೂ ಎಡ ವಿಂಗರ್. ಹಾಗೆಂದು ನಾನು ಹೇಳಿಕೊಳ್ಳುತ್ತಿದ್ದೆ. ನಮ್ಮ ಜಯನಗರದ ಮೈದಾನದ ಗೆಳೆಯರು ನನ್ನನ್ನು ಟ್ರಾಫಿಕ್ ಪೊಲೀಸ್ ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ಕೈ ಬೀಸುವುದು ಬಿಟ್ಟರೆ ನನ್ನಿಂದ ಆಟ ಒಂದು ಇಂಚೂ ಮುಂದೆ ಸಾಗುತ್ತಿರಲಿಲ್ಲ.

"ಅಮ್ಮಾ, ಇಂಥವ್ರು ನಮ್ಮನೆ ಮೆಟ್ಲು ಹತ್ತೋದೇ ಪುಣ್ಯ" ಎಂದೆ.

"ಪುಣ್ಯ ಎಲ್ಲ ಸರಿ, ಮನೇಲಿ ಮೊಟ್ಟೆ ಬೇಯಿಸ್ತಾರಾ?"

"ಅದೆಲ್ಲ ಆಚೆ ತಿಂತಾರಂತೆ."

"ಹಂಗಾದ್ರೆ ಬರ್ಲಿ."

ಒಂದು ವಾರದಲ್ಲಿ ಅಮ್ಮ ಅವರಿಗೆ ಕೋಚಪ್ಪ ಎಂದು ಹೆಸರಿಟ್ಟಳು. ಕನ್ನಡ ಕಲಿಸುವ ಜವಾಬ್ದಾರಿಯನ್ನು ನಾನು ಹೊತ್ತೆ. 'ಮಗಾ' ಎಂದರೆ ಬಹಳ ಗೌರವದ ಮಾತು ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟೆ. ಮರುದಿನ ಬೆಳಗ್ಗೆ ನಮ್ಮಪ್ಪ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಸಾರಕ್ಕಿಯ ಹಾರ್ಡ್‌ವೇರ್ ಅಂಗಡಿಗೆ ಹೊರಟಿದ್ದರು. ಕೋಚಪ್ಪ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಜೋಡಿಸಿ, "ನಮಸ್ಕಾರ ಮಗಾ!" ಎಂದರು. ಅಪ್ಪ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಆ ದಿನಗಳಲ್ಲಿ ಅಪ್ಪನಿಗೆ ನನ್ನ ಮೇಲೆ ಸಿಟ್ಟು ಬರಲು ಹೊಸ ಕಾರಣ ಬೇಕಿರಲಿಲ್ಲ. ಡಿಗ್ರಿ ಮುಗಿದಿತ್ತು, ಲೀಗ್ ಆಡುವ ಕ್ಲಬ್ಬುಗಳ ಆಯ್ಕೆಗೆ ಹೋಗಿ ಹೋಗಿ ಬರಿಗೈಲಿ ಬಂದಿದ್ದೆ. ಕೊನೆಗೆ ಅಪ್ಪ ಹೇಳಿಬಿಟ್ಟರು: "ವಿಜಯದಶಮಿ ದಿನ ಅದೇನೋ ಸೆಲೆಕ್ಷನ್ ಇದೆ ಅಂದ್ಯಲ್ಲ, ಅದೇ ಕೊನೇದು. ತಗೊಂಡ್ರೆ ಆಡು. ಇಲ್ಲಾಂದ್ರೆ ಬೂಟು ಕಟ್ಟಿಟ್ಟು ಅಂಗ್ಡೀಲಿ ಕೂರು."

ಅಂಗಡಿಯ ಬಗ್ಗೆ ನನಗೆ ತಾತ್ಸಾರವೇನಿರಲಿಲ್ಲ. ಆದರೆ ಒಮ್ಮೆ ಅಪ್ಪ ಊಟಕ್ಕೆ ಹೋದಾಗ ಅರ್ಧ ಇಂಚಿನ ನಲ್ಲಿ ಕೇಳಿದವರಿಗೆ ಮುಕ್ಕಾಲು ಇಂಚಿನದು ಕೊಟ್ಟು ಕಳಿಸಿದ್ದೆ. ಅವರು ಅದನ್ನು ಹೇಗೋ ಬಲವಂತವಾಗಿ ಕೂರಿಸಿ, ತಮ್ಮ ಕೆಳಗಿನ ಮನೆಯವರ ಹಾಸಿಗೆಯನ್ನು ತೇಲಿಸಿದರು. ನಾನು ಫುಟ್‌ಬಾಲ್ ಆಡುವುದು ಊರಿನ ಕೊಳಾಯಿಗಳ ದೃಷ್ಟಿಯಿಂದಲೂ ಒಳ್ಳೆಯದಿತ್ತು.

ಸಂಜೆ ಮಹಡಿಯ ಮೇಲೆ ಅಮ್ಮ ಕೊಟ್ಟ ಕಾಫಿ ಕುಡಿಯುತ್ತ ಕೋಚಪ್ಪ ತಮ್ಮ ಕಥೆ ಹೇಳುತ್ತಿದ್ದರು. ಡ್ಯಾನ್ಯೂಬ್ ದಂಡೆಯ ಸಣ್ಣ ಊರು, ಹಡಗು ಕಟ್ಟುವಲ್ಲಿ ಬೆಸುಗೆ ಹಾಕುತ್ತಿದ್ದ ತಂದೆ. ಮೀಸೆ ಸರಿಯಾಗಿ ಮೂಡುವ ಮುನ್ನವೇ ದೊಡ್ಡ ಡಿವಿಷನ್ನಿನಲ್ಲಿ ಆಟ. ಆಗ ಅವರ ಹತ್ತಿರ ಇದ್ದದ್ದು ಓಟ ಒಂದೇ. ಬಾಲ್ ಸಿಕ್ಕರೆ ಗೆರೆಯ ಗುಂಟ ಓಡುವುದು, ಎದುರಿಗೆ ಬಂದವನನ್ನು ದಾಟುವುದು, ಇನ್ನೊಬ್ಬನನ್ನು ದಾಟುವುದು. ಜನ ಚಪ್ಪಾಳೆ ತಟ್ಟುತ್ತಿದ್ದರು, ಗೋಲು ಮಾತ್ರ ಆಗುತ್ತಿರಲಿಲ್ಲ. ಆಮೇಲೆ ಮೊಣಕಾಲಿನ ಆಪರೇಷನ್ ಆಯಿತು, ವೇಗ ಹೋಯಿತು. ಸಣ್ಣ ಕ್ಲಬ್ಬು, ಸೈಪ್ರಸ್, ಮತ್ತೆ ತಮ್ಮ ದೇಶದ ಎರಡನೇ ಡಿವಿಷನ್. ಅಲ್ಲಿ ಓಡಲಾಗದೆ, ತಲೆ ಎತ್ತಿ ನೋಡಿ, ಬಾಲನ್ನು ಬೇಗ ಒಳಗೆ, ಗೋಲಿನ ಮುಂದಕ್ಕೆ, ಕಳಿಸಲು ಶುರು ಮಾಡಿದರು. ಅವರು ಕಳಿಸಿದ ಬಾಲಿಗೆ ತಲೆ ಕೊಟ್ಟು ಗೋಲು ಹೊಡೆಯುತ್ತಿದ್ದ ಗೆಳೆಯನೇ ಮುಂದೆ ಅವರಿಗೆ ಬೆಂಗಳೂರಿನ ಕೆಲಸ ಕೊಡಿಸಿದ್ದು.

"ಕಾಲು ನಿಧಾನ ಆಯ್ತು, ಆಮೇಲೆ ಫುಟ್‌ಬಾಲ್ ಬಂತು" ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ.

ನನ್ನ ಕಾಲು ಹುಟ್ಟಿನಿಂದಲೇ ನಿಧಾನ, ಫುಟ್‌ಬಾಲ್ ಇನ್ನೂ ಬಂದಿರಲಿಲ್ಲ. ಆದರೆ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಏಮಾರಿಸುವ ಚಟವಿತ್ತು. ಒಬ್ಬನನ್ನು ದಾಟಿ, ಇನ್ನೊಬ್ಬನನ್ನು ದಾಟಿ, ಮೂರನೆಯವನ ಕಾಲಿಗೆ ಬಾಲನ್ನು ಒಪ್ಪಿಸಿ ಬರುತ್ತಿದ್ದೆ. ಒಂದು ಸಲವಂತೂ ಗೆರೆ ದಾಟಿ, ಎಳನೀರಿನ ಗಾಡಿ ದಾಟಿ, ಬಸ್‌ಸ್ಟಾಪ್ ಹತ್ತಿರ ಹೋಗಿ ಹಿಂತಿರುಗಿ ನೋಡಿದರೆ ಆಟ ನಿಂತುಹೋಗಿತ್ತು. ಕೋಚಪ್ಪ ನನ್ನ ಪಂದ್ಯ ನೋಡಲು ಬಂದಾಗೆಲ್ಲ ಗೆರೆಯ ಆಚೆಯಿಂದ ಒಂದೇ ಮಾತು ಕೂಗುತ್ತಿದ್ದರು: "ಬಾಲ್ ಬಿಡು ಮಗಾ!" ನಾನು ಬಿಡುತ್ತಿರಲಿಲ್ಲ.

ಆಯುಧಪೂಜೆಯ ದಿನ ನಾನು ಬೂಟುಗಳನ್ನು ಪೂಜೆಗಿಡಬೇಕೆಂದೆ. ಅಮ್ಮ ಹೌಹಾರಿದಳು.

"ಮೆಟ್ಟಿಗೆ ಯಾರಾದ್ರೂ ಪೂಜೆ ಮಾಡ್ತಾರೇನೋ?"

"ಅಪ್ಪಂಗೆ ತಕ್ಕಡಿ ಹೆಂಗೋ ನಂಗೆ ಇದು ಹಂಗೆ."

ಕೋಚಪ್ಪನೂ ಮೇಲಿನಿಂದ ತಮ್ಮ ಕೊನೆಯ ಪಂದ್ಯದ ಬೂಟು ತಂದು ಕೈಯಲ್ಲಿ ಹಿಡಿದು ನಿಂತರು. ಆ ಮುಖ ನೋಡಿ ಅಮ್ಮ ಕರಗಿದಳು. ದೇವರ ಮನೆಗೆ ಬೇಡ, ಪೋರ್ಟಿಕೋದಲ್ಲಿ ಸ್ಕೂಟರ್ ಪಕ್ಕ ಇರಲಿ ಎಂದು ತೀರ್ಮಾನವಾಯಿತು. ಎರಡು ಜೊತೆಯನ್ನೂ ತೊಳೆದೆವು. ಅಮ್ಮ ಮೂರೆಳೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿದಳು. ಅವಳಿಗೆ ಎಲ್ಲವೂ ನೋಡಲು ಲಕ್ಷಣವಾಗಿರಬೇಕು. ಎಡಗಾಲಿನ ಎರಡು ಬೂಟು ಚಕ್ರದ ಎಡಕ್ಕೆ, ಬಲಗಾಲಿನವು ಬಲಕ್ಕೆ. ಪೂಜೆ ಮಾಡಿದ ವಸ್ತುವನ್ನು ಅವತ್ತು ಮುಟ್ಟುವಂತಿಲ್ಲ. ಮರುದಿನ ಕದಲಿಸಿದ ಮೇಲೇ ಬಳಸಬೇಕು.

ಮರುದಿನ, ಅಂದರೆ ವಿಜಯದಶಮಿಯ ಬೆಳಗ್ಗೆ, ನಾನು ಎದ್ದಾಗಲೇ ತಡವಾಗಿತ್ತು. ಅಮ್ಮ ಕದಲಿಸಿದ ತಕ್ಷಣ ಒಂದು ಪಕ್ಕದಲ್ಲಿದ್ದ ಎರಡನ್ನೂ ಹೂವಿನ ಸಮೇತ ಬ್ಯಾಗಿಗೆ ತುಂಬಿ, ಹವಾಯಿ ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿದೆ. ಹಿಂದೆ ಕೋಚಪ್ಪ, ಅವರ ಕಾಲಲ್ಲೂ ಹವಾಯಿ. ಆ ದಿನ ಶುರು ಮಾಡಿದ್ದು ಕೈಗೂಡುತ್ತದೆ ಎಂದು ನಂಬಿದ ಕ್ಲಬ್ಬಿನ ಮಾಸ್ಟರ್, ಬನಶಂಕರಿಯ ಮೈದಾನದಲ್ಲಿ ಗೋಲ್‌ಪೋಸ್ಟಿಗೆ ಕಾಯಿ ಒಡೆದು ಸಿದ್ಧರಾಗಿದ್ದರು. ನನ್ನ ಹೆಸರು ಮೊದಲ ಪಂದ್ಯದಲ್ಲೇ ಇತ್ತು. ಬ್ಯಾಗ್ ಬಿಚ್ಚಿದೆ. ಸೇವಂತಿಗೆ ಉದುರಿತು. ನನ್ನ ಎಡ ಬೂಟು ಬಂತು. ಅದರ ಹಿಂದೆ ಕೋಚಪ್ಪನ ಎಡ ಬೂಟು ಬಂತು.

ಕೋಚಪ್ಪ ಎರಡನ್ನೂ ತಿರುಗಿಸಿ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಏನ್ರೀ ಹೀರೋ, ಬೂಟು ಹಾಕ್ಕೊಳ್ಳೋಕೂ ಮುಹೂರ್ತ ನೋಡ್ತಿದ್ದೀರಾ?" ಮಾಸ್ಟರ್ ಕೂಗಿದರು.

ಮನೆಗೆ ಹೋಗಿ ಬರಲು ಸಮಯವಿರಲಿಲ್ಲ. ಕೋಚಪ್ಪನ ಪಾದ ನನ್ನದಕ್ಕಿಂತ ದೊಡ್ಡದು. ಅವರು ತಮ್ಮ ಎಡ ಬೂಟಿನೊಳಗೆ ಕರ್ಚೀಫು ತುರುಕಿ, ನನ್ನ ಬಲಗಾಲನ್ನು ಅದರೊಳಗೆ ಇಳಿಸಿ, ಲೇಸನ್ನು ಮೂಟೆ ಕಟ್ಟುವಂತೆ ಬಿಗಿದರು. "ಇವತ್ತು ನಿನ್ನ ಕೈಲಿ ಓಡೋಕಾಗಲ್ಲ. ತುಂಬ ಒಳ್ಳೇದಾಯ್ತು" ಎಂದರು.

ಮೊದಲ ಬಾಲ್ ಬಂದಾಗ ಚಟ ಬಿಡದೆ ಎದುರಿನವನನ್ನು ಏಮಾರಿಸಲು ಹೋದೆ. ಅವನು ಏಮಾರಲಿಲ್ಲ, ನನ್ನ ಬಲಗಾಲೇ ನನ್ನನ್ನು ಏಮಾರಿಸಿತು. ನಾನು ಬಲಕ್ಕೆ ಹೊರಟೆ, ಅದು ಎಡಕ್ಕೆ ಹೊರಟಿತು. ಮುಖ ಅಡಿಯಾಗಿ ಬಿದ್ದೆ. ಎರಡನೇ ಬಾಲ್ ಬರುವ ಹೊತ್ತಿಗೆ ಓಡುವ ಆಸೆ ಸತ್ತಿತ್ತು. ಬೇರೆ ದಾರಿಯಿಲ್ಲದೆ ತಲೆ ಎತ್ತಿದೆ. ಗೋಲಿನ ಮುಂದೆ ನಮ್ಮ ಕಡೆಯ ಉದ್ದನೆಯ ಹುಡುಗನೊಬ್ಬ ಕೈ ಎತ್ತಿ ನಿಂತಿದ್ದ. ಆ ಜಾಗದಲ್ಲಿ ಯಾರಾದರೂ ನಿಂತಿರುತ್ತಾರೆ ಎಂಬುದೇ ನನಗೆ ಹೊಸ ಸುದ್ದಿ. ಎಡಗಾಲಿನಲ್ಲಿ ಅಲ್ಲಿಗೆ ಕಳಿಸಿದೆ. ಅವನು ತಲೆಯಿಂದ ಗೋಲು ಹೊಡೆದ.

ಅರ್ಧ ಆಟದವರೆಗೂ ಹೀಗೇ ನಿಂತಲ್ಲಿಂದಲೇ ಬಾಲ್ ಬಿಟ್ಟೆ. ಒಂದು, ಗೋಲ್‌ಪೋಸ್ಟಿನ ಮೇಲೆ ಕೂತಿದ್ದ ಕಾಗೆಗೆ ಬಡಿಯಿತು, ಒಂದು ಪಕ್ಕದ ಕಾಂಪೌಂಡಿಗೆ ಹೋಯಿತು, ಮಿಕ್ಕವು ಹುಡುಗರಿಗೆ ಸಿಕ್ಕವು. ವಿರಾಮದಲ್ಲಿ ಕಾಲು ಉಳುಕಿ ಹೊರಬಂದ ಒಬ್ಬ ಆಟಗಾರ, "ನಂದು ಹಾಕ್ಕೊ ಗುರು, ನಿನ್ನ ಸೈಜೇ" ಎಂದು ತನ್ನ ಬಲ ಬೂಟು ಬಿಚ್ಚಿಕೊಟ್ಟ.

ಕಾಲು ಮತ್ತೆ ನನ್ನ ಮಾತು ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ಬಾಲ್ ಬಂತು. ಎದುರಿಗೆ ಒಬ್ಬನೇ, ಅವನೂ ಸುಸ್ತಾದವನು. ದಾಟಬಹುದು ಎನಿಸಿತು. ನನ್ನ ಪ್ರತಿ ಬೆರಳೂ ದಾಟು ದಾಟು ಎನ್ನುತ್ತಿತ್ತು. ಗೆರೆಯ ಆಚೆ ಕೋಚಪ್ಪ ಇದ್ದರು, ಕೈ ಕಟ್ಟಿಕೊಂಡು. ಈ ಸಲ ಅವರು ಏನನ್ನೂ ಕೂಗಲಿಲ್ಲ. ನಾನು ತಲೆ ಎತ್ತಿದೆ, ಬಾಲ್ ಬಿಟ್ಟೆ. ಗೋಲಾಗಲಿಲ್ಲ, ಕಾರ್ನರ್ ಸಿಕ್ಕಿತು ಅಷ್ಟೆ. ಆದರೆ ಅದೊಂದನ್ನು ಮಾತ್ರ ಬೂಟಿನ ಬಲವಂತವಿಲ್ಲದೆ ನಾನಾಗಿಯೇ ಬಿಟ್ಟಿದ್ದೆ.

ಕೊನೆಗೆ ಮಾಸ್ಟರ್ ನನ್ನ ಹೆಸರು ಹೇಳಿ, "ಮೊದಲ ಹನ್ನೊಂದರಲ್ಲಿ ಅಲ್ಲ, ಸಬ್‌ಸ್ಟಿಟ್ಯೂಟ್" ಎಂದರು.

ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕಾದಿದ್ದರು. ವಿಷಯ ಕೇಳಿ ಕೋಚಪ್ಪನ ಕಡೆ ತಿರುಗಿದರು. "ಸಬ್‌ಸ್ಟಿಟ್ಯೂಟ್ ಅಂದ್ರೆ ತಗೊಂಡಂಗೋ, ತಗೊಳ್ದೆ ಇದ್ದಂಗೋ? ನೀವೇ ಹೇಳಿ."

ತಾವು ಮೊದಲ ಕ್ಲಬ್ಬಿನಲ್ಲಿ ಒಂದು ಇಡೀ ಸೀಸನ್ ಸಬ್‌ಸ್ಟಿಟ್ಯೂಟ್ ಆಗಿ ಬೆಂಚಿನ ಮೇಲೇ ಕೂತಿದ್ದಾಗಿ, ತಮ್ಮ ತಂದೆ ಪ್ರತಿ ಪಂದ್ಯಕ್ಕೂ ಬಂದು ಆ ಬೆಂಚನ್ನೇ ನೋಡಿ ಹೋಗುತ್ತಿದ್ದುದಾಗಿ ಕೋಚಪ್ಪ ಹೇಳಿದರು. ನಾನು ಕನ್ನಡಕ್ಕೆ ತಿರುಗಿಸಿದೆ. ಅಪರೂಪಕ್ಕೆ ಏನೂ ಕಿತಾಪತಿ ಮಾಡದೆ ತಿರುಗಿಸಿದೆ.

ಅಪ್ಪ ಯೋಚಿಸಿದರು. "ಅಲ್ಲೂ ಕೂರೋದೇ, ಇಲ್ಲೂ ಕೂರೋದೇ. ಬೆಳಗ್ಗೆ ಅಲ್ಲಿ ಕೂರ್ಲಿ, ಮಧ್ಯಾಹ್ನ ಅಂಗ್ಡೀಲಿ ಕೂರ್ಲಿ. ನಲ್ಲಿ ಮಾತ್ರ ಮುಟ್ಟೋದು ಬೇಡ."

ನನ್ನ ಅಪ್ಪ ಅಷ್ಟು ದೊಡ್ಡ ಮನಸ್ಸು ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಈಗಲೂ ಅದೇ ಏರ್ಪಾಡಿನಲ್ಲಿ ಬದುಕುತ್ತಿದ್ದೇನೆ, ಮೊಳೆ ತೂಗುವಾಗಲೂ ಖುಷಿಯಾಗಿದ್ದೇನೆ. ಲೀಗಿನ ನನ್ನ ಮೊದಲ ಪಂದ್ಯದಲ್ಲಿ ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ನನ್ನನ್ನು ಮೈದಾನಕ್ಕೆ ಇಳಿಸಿದರು. ಎಡಗಡೆಯಿಂದ ಒಂದೇ ಒಂದು ಬಾಲನ್ನು ಒಳಗೆ ಕಳಿಸಿದೆ. ನಮ್ಮ ಫಾರ್ವರ್ಡ್ ಹಾರಿದ, ಬಾಲ್ ಅವನ ತಲೆಗೆ ತಾಗಿ ಗೋಲಿನ ಮೇಲಿಂದ ಹೋಯಿತು. ಅವನು ಹಣೆ ಉಜ್ಜಿಕೊಳ್ಳುತ್ತ ಹಿಂದಕ್ಕೆ ಬರುವಾಗ, ಅಷ್ಟು ದೂರದಿಂದ ನನ್ನ ಕಡೆ ಹೆಬ್ಬೆರಳೆತ್ತಿದ. ಅಷ್ಟು ವರ್ಷ ಆಡಿದ್ದೆ. ಮೈದಾನದಲ್ಲಿ ಯಾರೂ ನನಗೆ ಹಾಗೆ ಮಾಡಿರಲಿಲ್ಲ. ನಾನು ಎರಡೂ ಕೈಯೆತ್ತಿ ಅವನಿಗೆ ನಮಸ್ಕಾರ ಮಾಡುತ್ತ ನಿಂತುಬಿಟ್ಟೆ. ಆ ಸಂದಿನಲ್ಲಿ ಎದುರು ಟೀಮಿನವನು ನನ್ನ ಪಕ್ಕದಲ್ಲೇ ಬಾಲ್ ತೆಗೆದುಕೊಂಡು ಓಡಿಹೋದ.