ಬೈಂಡಿಂಗ್ ಸಾಬರೂ ನನ್ನ ಚಂದ್ರಲೋಕವೂ

ಅವರ ಉಗುರುಗಳು ನೀಲಿ. ಮೈದಾ ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸಿ ಬೆರೆಸಿ ಹತ್ತು ಬೆರಳಿಗೂ ಆ ಬಣ್ಣ ಹತ್ತಿಬಿಟ್ಟಿತ್ತು. ಕೃಷ್ಣರಾಜನಗರದ ಪೇಟೆಯಲ್ಲಿ ಅವರು ಎಲ್ಲರಿಗೂ ಬೈಂಡಿಂಗ್ ಸಾಬರು. ವಾರಪತ್ರಿಕೆಗಳಿಂದ ಕಿತ್ತಿಟ್ಟ ಧಾರಾವಾಹಿಯ ಹಾಳೆಗಳನ್ನು ಜನ ಅವರಿಗೆ ಕೊಟ್ಟು ಪುಸ್ತಕ ಮಾಡಿಸಿಕೊಳ್ಳುತ್ತಿದ್ದರು. ಎಷ್ಟೇ ಅವಸರವಿರಲಿ, ಮೂರು ಕಡೆಯ ಅಂಚು ಕತ್ತರಿಸದೆ ಸಾಬರು ಪುಸ್ತಕ ಹೊರಗೆ ಬಿಡುವವರಲ್ಲ. "ಇಲ್ದಿದ್ರೆ ಕ್ಷೌರ ಮಾಡಿಸ್ದಲೇ ಮದುಮಗನ್ನ ಕಳಿಸ್ದಂಗೆ ಕಣಮ್ಮ" ಎನ್ನುವರು.

ಅದು ಗೊತ್ತಿದ್ದೂ ನಾನು ಮರೆತೆ. ಆಗ ನಾನು ಮಿಡ್ಲ್‌ಸ್ಕೂಲಿನಲ್ಲಿ ಹೊಸ ಟೀಚರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಎರಡು ವರ್ಷವೂ ಆಗಿರಲಿಲ್ಲ, ನಾನಾಗಲೇ ಅಲ್ಲೊಂದು ಊರು ಕಟ್ಟಿ ಕಾದಂಬರಿ ಬರೆದಿದ್ದೆ. ಬೆಂಗಳೂರಿನ ಪತ್ರಿಕೆಯೊಂದು ಸ್ಪರ್ಧೆ ಕರೆದಿತ್ತು. ಸ್ಟಾಫ್ ರೂಮಿನಲ್ಲಿ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ. ಇದ್ದದ್ದು ಒಂದೇ ಪ್ರತಿ. ನಾಲ್ಕು ಸಲ ಬದಲಾಯಿಸಿದ ಮುಕ್ತಾಯವನ್ನು ಕೊನೆಯ ಹಾಳೆಗಳ ಅಂಚಿನಲ್ಲೇ ಸಣ್ಣಕ್ಷರದಲ್ಲಿ ಉದ್ದಕ್ಕೆ ಬರೆದು, ಹಳೆಯದನ್ನು ಹೊಡೆದುಹಾಕಿ, ಹೊಲಿಯಲು ಕೊಟ್ಟುಬಂದೆ.

ಕಳಿಸಲು ಕಡೆಯ ದಿನ. ಊಟದ ಬೆಲ್ ಆದದ್ದೇ ಅಂಗಡಿಗೆ ಓಡಿದೆ. ಕೊನೆಯ ಪುಟ ತೆರೆದರೆ ಅಂಚೂ ಇಲ್ಲ, ನನ್ನ ಮುಕ್ತಾಯವೂ ಇಲ್ಲ.

"ಕತ್ತರಿಸಿದ ಚೂರೆಲ್ಲಿ ಸಾಬರೇ?"

ಅವರು ಅಂಟು ಕಾಯುತ್ತಿದ್ದ ಒಲೆಯ ಕಡೆ ನೋಡಿದರು. "ಯಾ ಅಲ್ಲಾ! ಮಕ್ಕಳ ಪರೀಕ್ಸೆ ಪೇಪರ್ನಂಗೆ ಅಂಚಲ್ಲಿರೋದು ರಫ್ ವರ್ಕು ಅಂದ್ಕಂಡೆ. ಬೆಳಗ್ಗೇನೇ ಒಲೆಗಾಕ್ಬುಟ್ನಲ್ಲಮ್ಮ."

ನಾಲ್ಕಕ್ಕೆ ಟಪಾಲು ಹೊರಡುತ್ತದೆ. ಬರೆದದ್ದರಲ್ಲಿ ಒಂದು ಮಾತೂ ನೆನಪಾಗಲಿಲ್ಲ. ಸಾಬರು ಸ್ಟೂಲು ಹಾಕಿ ಕೂರಿಸಿದರು.

"ಹೊಲಿಯೋವಾಗ ಕತೆ ಓದ್ದೆ. ಒಂದು ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ಚಂದ್ರನ ಮ್ಯಾಲೇ ಇರೋರು ಈದ್‌ಗೆ ಯಾವ ಚಂದ್ರನ್ನ ನೋಡ್ಬೇಕು? ನಿಮ್ಮೋರು ಚೌತಿ ದಿನ ಅವನ್ನ ನೋಡ್ಬಾರ್ದಲ್ಲ, ಅಲ್ಲೇ ನಿಂತ್ಕಂಡು ಕಣ್ಣೆಲ್ಲಿಡ್ತಾರೆ?"

ಮೈಯೆಲ್ಲ ಉರಿಯಿತು. ನನ್ನ ಪ್ರಾಣ ಹೋಗುತ್ತಿರುವಾಗ ಇವರಿಗೆ ಹಬ್ಬದ ಚಿಂತೆ! ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದು ಬಿಳಿ ಹಾಳೆ ಮುಂದಿಟ್ಟರು.

"ಬರೀರಿ ಟೀಚರಮ್ಮ. ಅಂಟ್ಸಾಕೆ ನನ್ಗೆ ಐದು ನಿಮ್ಷ ಸಾಕು."

ಬೇರೇನೂ ಹೊಳೆಯದೆ ಅದನ್ನೇ ಬರೆದೆ. ಹಬ್ಬ ಯಾವತ್ತೆಂದು ತಿಳಿಯದ ಮುದುಕಿಯೊಬ್ಬಳು ಚಂದ್ರನ ನೆಲದ ಮೇಲೆ ನಿಂತು ಆಕಾಶ ನೋಡುತ್ತಾಳೆ. ಅಲ್ಲಿ ಭೂಮಿಯೇ ಬಿದಿಗೆಯ ಗೆರೆಯಾಗಿ ಮೂಡಿರುತ್ತದೆ. ಅವಳು ಮಕ್ಕಳನ್ನೆಲ್ಲ ಕೂಗುತ್ತಾಳೆ.

ಸಾಬರೇ ಸೈಕಲ್ ತುಳಿದು ಅಂಚೆಗೆ ಹಾಕಿಬಂದರು. ಅಂಟು ಆರುವ ಮೊದಲೇ ಕಟ್ಟಿದ್ದರಿಂದ ಹಾಳೆಗಳು ಕಚ್ಚಿಕೊಂಡಿದ್ದರೇನು ಗತಿ ಎಂದು ತಿಂಗಳುಗಟ್ಟಲೆ ಕಂಗಾಲಾಗಿದ್ದೆ.

ಬಹುಮಾನ ಬರಲಿಲ್ಲ. ಆದರೆ ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಿದರು. ಓದುಗರ ಪತ್ರಗಳೆಲ್ಲ ಆ ಕೊನೆಯ ಬಗ್ಗೆಯೇ. ಒಂದು ದಿನ ಸಾಬರ ಅಂಗಡಿಯಲ್ಲೇ ನಮ್ಮ ಹೆಡ್‌ಮಾಸ್ಟರು ಸಿಕ್ಕಿ, "ಅದು ನಿಮಗೆ ಹೇಗೆ ಹೊಳೀತಮ್ಮ?" ಎಂದು ಕೇಳಿಬಿಟ್ಟರು. ಬೈಂಡ್ ಮಾಡುವವರು ಹೇಳಿಕೊಟ್ಟರೆಂದರೆ ನನ್ನ ಮರ್ಯಾದೆ ಎಲ್ಲಿ ಉಳಿಯುತ್ತದೆಂಬ ಅಂಜಿಕೆ. "ಹಾಗೇ ಹೊಳೆಯಿತು ಸಾರ್" ಎಂದೆ.

ಸಾಬರು ತಲೆಯೆತ್ತಲಿಲ್ಲ. "ಓದ್ದೋರಿಗೆ ಒಳೀತದೆ ಬುಡಿ ಸಾ" ಎಂದು ಸೂಜಿಗೆ ದಾರ ಪೋಣಿಸಿದರು.

ಮಾರನೆಯ ದಿನ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದುಕೊಂಡೆ, ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಅವರು ರಂಜಾನ್ ತಿಂಗಳಲ್ಲಿ ತೀರಿಕೊಂಡರೆಂಬ ಸುದ್ದಿ ನನಗೆ ಮುಟ್ಟಿದ್ದು ಹಬ್ಬ ಕಳೆದ ಮೇಲೆ.

ಆ ಕೊನೆ ಅವರದೆಂದು ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಅವರೆದುರಿಗೆ ಹೇಳಬೇಕಾಗಿತ್ತು.