ಹುಣಸೆ ಮರಕ್ಕೆ ಹೋದ ಉಪ್ಪಿಟ್ಟು

ಅರವತ್ತರ ದಶಕದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ. ಮಧುಗಿರಿಯಿಂದ ಬಸ್ಸು ಹಿಡಿದು ಹೋಗಿ ಇಳಿದರೆ ದೂರಕ್ಕೆ ನಿಡುಗಲ್ ಬೆಟ್ಟ, ಎದುರಿಗೆ ಒಂದು ಹೆಂಚಿನ ಕಟ್ಟಡ, ಅದರಿಂದಾಚೆಗೆ ಒಂದು ಹುಲ್ಲಿನ ಗುಡಿಸಲು. ಆ ಗುಡಿಸಲೇ ನನ್ನ ಒಂದನೇ ಕ್ಲಾಸು ಎಂದಾಗ ಕೋಪ ಬಂತು. ಅದರ ತಡಿಕೆ ಗೋಡೆಯ ಆಚೆಗೇ ಶಾಲೆಯ ಅಡುಗೆ ಒಲೆ ಎಂದಾಗ ಕೋಪ ಹೋಗಿ ಭಯ ಬಂತು.

ಆಗ ಮಕ್ಕಳಿಗೆ ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ರವೆ, ಎಣ್ಣೆ ಅಮೆರಿಕದವು, ಸೌದೆ ನಮ್ಮೂರ ಜಾಲಿಯದು. ಗಾಳಿ ಎದ್ದ ದಿನ ಕಿಡಿಗಳು ನನ್ನ ಸೂರಿನ ಮೇಲೆ ಹಾರುತ್ತಿದ್ದವು. ಮಕ್ಕಳು ಅಆಇಈ ಒಪ್ಪಿಸುವಾಗ ನಾನು ಮೇಲೆ ನೋಡುತ್ತಾ ನಿಂತಿರುತ್ತಿದ್ದೆ. ಇಡೀ ಕ್ಲಾಸಿಗೆ ಚಿಕ್ಕವಳಾದ ಒಂದು ಹುಡುಗಿಯಂತೂ ಆ ತಡಿಕೆಗೇ ಬೆನ್ನು ಕೊಟ್ಟು ಕೂರುತ್ತಿದ್ದಳು. ಎಷ್ಟು ಸಲ ಎಬ್ಬಿಸಿ ಮುಂದೆ ಕೂರಿಸಿದರೂ ಮತ್ತೆ ಅಲ್ಲಿಗೇ ಹೋಗುವಳು. ಯಾಕೆ ಎಂದರೆ, "ಇಲ್ಲಿ ವಾಸ್ನೆ ಚೆಂದಾಗಿ ಬತ್ತದೆ ಟೀಚರಮ್ಮ" ಎನ್ನುವಳು.

"ಒಲೇನ ಬಯಲಿನಾಚೆ ಹುಣಸೆ ಮರದ ಕೆಳಗೆ ಹಾಕಿಸಿ ಸಾರ್" ಎಂದು ಹೆಡ್‌ಮೇಷ್ಟ್ರನ್ನು ಕೇಳಿದೆ.

"ಎಣ್ಣೆ ಡಬ್ಬ ನನ್ನ ಕಣ್ಣೆದುರಿಗೇ ಇರ್ಬೇಕು ಕಣಮ್ಮ" ಎಂದರು. ಅವರ ರೂಮಿನ ಕಿಟಕಿಯಿಂದ ಒಲೆ ಕಾಣುತ್ತಿತ್ತು. ನನ್ನ ಮಕ್ಕಳು ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಲೆಯಲ್ಲೂ ಕೆಂಪು ಬಕೆಟ್ಟುಗಳಲ್ಲಿ ಮರಳು ಮತ್ತು ನೀರು ತುಂಬಿಡಬೇಕು. ಬೆಂಕಿ ಬಿದ್ದರೆ ಬಿಡದೆ ಗಂಟೆ ಬಾರಿಸಬೇಕು. ಮಕ್ಕಳು ಸಾಲಾಗಿ ಹೊರಬಂದು ದೂರದ ಮರದ ಕೆಳಗೆ ನಿಲ್ಲಬೇಕು. ಇದನ್ನೆಲ್ಲ ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ. ಹೆಡ್‌ಮೇಷ್ಟ್ರಿಗೆ ಸರ್ಕಾರಿ ಆಜ್ಞೆ ಎಂದರೆ ದೇವರ ಅಪ್ಪಣೆ. ಬಕೆಟ್ಟುಗಳು ಅದೇ ವಾರ ಬಂದವು. ಆದರೆ ಕುಡಿಯುವುದಕ್ಕೇ ನೀರಿಲ್ಲದ ಸೀಮೆ ನಮ್ಮದು. ಬೆಂಕಿಗೆಂದು ತುಂಬಿಟ್ಟ ನೀರು ಮೊದಲ ಪೀರಿಯಡ್ ಮುಗಿಯುವುದರೊಳಗೆ ಮಕ್ಕಳ ಹೊಟ್ಟೆ ಸೇರುತ್ತಿತ್ತು. ಮರಳನ್ನು ನಾನೇ ನೆಲಕ್ಕೆ ಸುರಿದು ಅಕ್ಷರ ತಿದ್ದಿಸುತ್ತಿದ್ದೆ. ಬಕೆಟ್ಟಿನಲ್ಲಿ ಸುಮ್ಮನೆ ನೇತುಬಿದ್ದ ಮರಳಿನಿಂದ ಯಾರಿಗೇನು ಲಾಭ?

ಗಂಟೆಯದೇ ದೊಡ್ಡ ಫಜೀತಿ. ನಮ್ಮಲ್ಲಿ ಬಿಡದೆ ಬಾರಿಸುತ್ತಿದ್ದದ್ದು ಉಪ್ಪಿಟ್ಟಿನ ಗಂಟೆಯೊಂದನ್ನೇ. ಮೊದಲ ಸಲ ಅಭ್ಯಾಸಕ್ಕೆಂದು ಬಾರಿಸಿದಾಗ ಇಡೀ ಶಾಲೆ ತಟ್ಟೆ ಹಿಡಿದು ಹೋಗಿ ಒಲೆಯ ಮುಂದೆ ನಿಂತಿತು. ಸಾಲು ಮಾತ್ರ ದಾರ ಹಿಡಿದಂತೆ ನೆಟ್ಟಗಿತ್ತು.

"ಲೇ, ಇದು ಬೆಂಕಿ ಗಂಟೆ ಕಣ್ರೋ! ಮರದತ್ರ ಓಡ್ರೋ!" ಎಂದು ಹೆಡ್‌ಮೇಷ್ಟ್ರು ಕೂಗಿದರು. ಉಪ್ಪಿಟ್ಟಿನ ಗಂಟೆಯನ್ನು ಮೂರು ಹೊಡೆತಕ್ಕೆ ಇಳಿಸಿದರೂ ಪ್ರಯೋಜನವಾಗಲಿಲ್ಲ. ಅಡುಗೆಯವಳು ಮಕ್ಕಳತ್ತ ಸೌಟು ತೋರಿಸಿ ನಗುತ್ತಿದ್ದಳು. "ಈ ಪಿಲ್ಲಕಾಯಲು ಉಪ್ಪಿಟ್ ಬುಟ್ಟು ಎಲ್ಲಿಗೋಗ್ತವೆ ಸಾಮಿ?"

ಇನ್‌ಸ್ಪೆಕ್ಟರು ಬರುವ ದಿನ ಹೆಡ್‌ಮೇಷ್ಟ್ರು ಒಂದು ಉಪಾಯ ಮಾಡಿದರು. ತಟ್ಟೆ ಕೈಯಲ್ಲಿದ್ದರೆ ತಾನೇ ಒಲೆಯ ನೆನಪು? ಬೆಳಿಗ್ಗೆಯೇ ಎಲ್ಲರ ತಟ್ಟೆ ಕಿತ್ತುಕೊಂಡು ತಮ್ಮ ರೂಮಿನ ಮೂಲೆಯಲ್ಲಿ ಪೇರಿಸಿದರು. ಇನ್‌ಸ್ಪೆಕ್ಟರು ಬಂದು ಅದೇ ರೂಮಿನಲ್ಲಿ ಕುಳಿತು ಎಳನೀರಿಗೆ ಬಾಯಿಟ್ಟಿದ್ದರು. ಹೆಡ್‌ಮೇಷ್ಟ್ರು ಹೊರಗೆ ಹೋಗಿ ಬೆಂಕಿ ಗಂಟೆ ಬಾರಿಸಿದರು. ಮಕ್ಕಳೆಲ್ಲ ತಟ್ಟೆಗಾಗಿ ಆ ರೂಮಿಗೆ ನುಗ್ಗಿದರು. ಇನ್‌ಸ್ಪೆಕ್ಟರು ಎಳನೀರನ್ನು ತಲೆಯ ಮೇಲೆತ್ತಿ ಹಿಡಿದು ಗೋಡೆಗೆ ಒರಗಿದರು. ತಟ್ಟೆ ಸಿಕ್ಕವರು ಸಿಕ್ಕ ಹಾಗೆ ಹೋಗಿ ಒಲೆಯ ಮುಂದೆ ಸಾಲು ನಿಂತರು.

"ಏನ್ರೀ ಇದು! ಬೆಂಕಿ ಇರೋ ಕಡೆಗೇ ಸಾಲಾಗಿ ಹೋಗ್ತಾವಲ್ರೀ!" ಎಂದರು ಇನ್‌ಸ್ಪೆಕ್ಟರು.

ಹೆಡ್‌ಮೇಷ್ಟ್ರು ನೆಲಕ್ಕೆ ಬಿದ್ದ ತಟ್ಟೆಗಳನ್ನು ಆಯತೊಡಗಿದರು. ನಾನೇ ಬಾಯಿಬಿಟ್ಟೆ. "ಸಾರ್, ಮಕ್ಕಳು ಉಪ್ಪಿಟ್ಟು ಬಿಟ್ಟು ಬರೋದಿಲ್ಲ. ಉಪ್ಪಿಟ್ಟನ್ನೇ ಮರದ ಕೆಳಗೆ ಕಳಿಸಿಬಿಡಿ. ಗಂಟೆ ಹೊಡೆದ ತಕ್ಷಣ ತಾವಾಗೇ ಅಲ್ಲಿಗೆ ಓಡ್ತಾರೆ."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಸಾಲನ್ನು ನೋಡಿದರು, "ಹಂಗೇ ಮಾಡಿ" ಎಂದರು. ಮಾರನೆಯ ದಿನವೇ ಹುಣಸೆ ಮರದ ಕೆಳಗೆ ಅಡುಗೆಗೊಂದು ಗರಿಯ ಚಪ್ಪರ ಎದ್ದಿತು. ಎಣ್ಣೆ ಡಬ್ಬದ ಜೊತೆ ಹೆಡ್‌ಮೇಷ್ಟ್ರ ಕುರ್ಚಿಯೂ ಅಲ್ಲಿಗೆ ಹೋಯಿತು. ನಾನು ಬಂದ ಮೇಲೆ ಮೊದಲ ಬಾರಿಗೆ ಸೂರು ನೋಡದೆ ಪಾಠ ಮಾಡಿದೆ. ತಡಿಕೆಯ ಹುಡುಗಿ ಮಾತ್ರ ವಾಸನೆ ಹೋಯಿತೆಂದು ನನ್ನ ಮೇಲೆ ಮುನಿಸಿಕೊಂಡಳು.

ಆಷಾಢದ ಗಾಳಿಗೆ ಒಂದು ದಿನ ಆ ಚಪ್ಪರ ಹತ್ತಿಕೊಂಡಿತು. ಅಡುಗೆಯವಳು ಚೀರಿಕೊಂಡು ಈಚೆಗೆ ಬಂದಳು. ಹೆಡ್‌ಮೇಷ್ಟ್ರು ಎಣ್ಣೆ ಡಬ್ಬ ತಬ್ಬಿಕೊಂಡೇ ಓಡಿಬಂದು ಸುತ್ತೋಲೆಯ ಪ್ರಕಾರ ಬಿಡದೆ ಗಂಟೆ ಬಾರಿಸಿದರು. ಮಕ್ಕಳೂ ಸುತ್ತೋಲೆಯ ಪ್ರಕಾರವೇ ಮರದತ್ತ ಹೊರಟರು. ಉರಿಯುವ ಚಪ್ಪರದ ಮುಂದೆ ತಟ್ಟೆ ಚಾಚಿ, ನೆಟ್ಟಗೆ, ಸಾಲು!

"ಒಳಕ್ಕೆ! ಹೆಂಚಿನ ಕಟ್ಟಡದ ಒಳಕ್ಕೆ ನಡೀರೋ!" ಎಂದು ನಾನು ಬಾಯಿ ಬಡಿದುಕೊಂಡು ಓಡಿದೆ.

"ಮರದ ಕೆಳಕ್ಕೆ!" ಎಂದು ಹೆಡ್‌ಮೇಷ್ಟ್ರು ಗಂಟೆಯ ಬಳಿಯಿಂದಲೇ ಅರಚಿದರು.

"ಬೆಂಕಿ ಬಿದ್ದಿರೋದೇ ಮರದ ಕೆಳಗೆ ಸಾರ್!"

ಬೆಂಕಿ ಬಿತ್ತೆಂದು ಮಕ್ಕಳನ್ನು ಬಯಲಿಂದ ಕಟ್ಟಡದೊಳಕ್ಕೆ ಅಟ್ಟಿದ ಶಾಲೆ ಇಡೀ ಜಿಲ್ಲೆಗೆ ನಮ್ಮದೊಂದೇ ಇರಬೇಕು. ಊರವರು ಬಂದು ಮಣ್ಣೆರಚುವಷ್ಟರಲ್ಲಿ ಚಪ್ಪರ ಬೂದಿಯಾಗಿತ್ತು. ಒಂದು ಮಗುವಿನ ಕೂದಲೂ ಕೊಂಕಿರಲಿಲ್ಲ.

ಎಲ್ಲ ಮುಗಿದ ಮೇಲೆ ನನ್ನ ಗುಡಿಸಲಿಗೆ ಹೋದೆ. ತಡಿಕೆಯ ಹುಡುಗಿ ಆಗಲೇ ಬಂದು ತನ್ನ ಹಳೆಯ ಜಾಗದಲ್ಲಿ ಕುಳಿತಿದ್ದಳು. ಅವಳ ತಲೆಯ ಮೇಲೆ ಒಣಹುಲ್ಲು, ಬೆನ್ನ ಹಿಂದೆ ಒಲೆಯಿದ್ದ ಜಾಗ. ಅವಳನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟೆ.

ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನ ಬೆನ್ನು ಸವರಿದಳು.

"ಅಳ್ಬ್ಯಾಡಿ ಟೀಚರಮ್ಮ" ಎಂದಳು. "ಉಪ್ಪಿಟ್ಟು ನಾಳೆ ಮಾಡ್ತಾರೆ."